ರಸ್ತೆ ಅಗಲ ಮಾಡಲು ಬೀದಿಯ ಹಳೇ ಮರಗಳಿಗೆ ನಂಬರ್ ಹಾಕಿದ್ದಾರೆ. ಈಗ ಏನು ಮಾಡಬಹುದು?

ಗೋಣಿಮರದ_ತಿರುವು
ಎಲ್ಲರಿಗೂ ನಮಸ್ಕಾರ. ನಮ್ಮದು ಹಳೇ ಮೈಸೂರು ಭಾಗದ ಒಂದು ಜಿಲ್ಲಾ ಕೇಂದ್ರ. ಊರಿನ ಹೆಸರು ಸದ್ಯಕ್ಕೆ ಬೇಡ, ಅರ್ಜಿ ಕೊಡುವುದು ಇನ್ನೂ ಬಾಕಿ ಇದೆ. ನಮ್ಮ ರಸ್ತೆಯ ಎರಡೂ ಬದಿಗೆ ಮಳೆಮರ, ಹೊಂಗೆ, ಅಲ್ಲಲ್ಲಿ ನೇರಳೆ ಇವೆ. ತಿರುವಿನಲ್ಲಿ ಒಂದು ದೊಡ್ಡ ಗೋಣಿ ಮರ, ಅದರ ಕೆಳಗೆ ಆಟೋ ಸ್ಟ್ಯಾಂಡ್.

ಹೋದ ವಾರ ಇಬ್ಬರು ಬಂದರು. ಎದೆ ಎತ್ತರದಲ್ಲಿ ಟೇಪ್ ಸುತ್ತಿ ಅಳತೆ ತೆಗೆದರು. ಮಚ್ಚಿನಲ್ಲಿ ಅಂಗೈಯಗಲ ತೊಗಟೆ ಕೆತ್ತಿ, ಅಲ್ಲಿ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋದರು. 1ರಿಂದ 46ರವರೆಗೆ. ಕೇಳಿದರೆ "ಬರೀ ಸರ್ವೆ ಅಮ್ಮಾ" ಅಂದರು. ವಾರ್ಡಿನವರನ್ನು ಕೇಳಿದರೆ "ಅಭಿವೃದ್ಧಿ ಬೇಡ್ವಾ?" ಅಂತ ನಮಗೇ ತಿರುಗಿ ಕೇಳುತ್ತಾರೆ. ಬೀದಿಯಲ್ಲೇ ಅರ್ಧ ಜನಕ್ಕೆ ಮರ ಹೋದರೆ ಸಾಕಾಗಿದೆ, ಎಲೆ ಗುಡಿಸುವುದು ತಪ್ಪುತ್ತೆ ಅಂತ.

ಇದನ್ನು ತಡೆಯೋಕೆ ಆಗುತ್ತಾ? ಯಾರ ಹತ್ತಿರ ಹೋಗಬೇಕು? ಅನುಭವ ಇದ್ದವರು ಹೇಳಿ.

ತಿಂಡಿಪೋತ
ನಂಬರ್ ಬಿತ್ತು ಅಂದ್ರೆ ಮುಗೀತು ಮೇಡಂ. ಫೋಟೋ ತೆಗೆದಿಟ್ಟುಕೊಳ್ಳಿ.

ನಿವೃತ್ತ_ಕಾಡುಮನುಷ್ಯ
ಏನೂ ಮುಗಿದಿಲ್ಲ. ಅರಣ್ಯ ಇಲಾಖೆಯಲ್ಲಿ ಸವೆದವನು ನಾನು, ಆ ಕೆಂಪು ನಂಬರನ್ನು ನಾನೇ ಎಷ್ಟೋ ಮರಕ್ಕೆ ಹಾಕಿದ್ದೇನೆ. ನಂಬರ್ ಅಂದರೆ ಎಣಿಕೆ, ಅನುಮತಿ ಅಲ್ಲ. ಯಾವ ಜಾತಿ, ಎಷ್ಟು ಸುತ್ತಳತೆ, ಎಷ್ಟು ಎತ್ತರ, ಮೌಲ್ಯ ಎಷ್ಟಾಗಬಹುದು ಅಂತ ಪಟ್ಟಿ ಮಾಡುತ್ತಾರೆ. ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆಯುವುದು, ಅದಕ್ಕೇ ನಿಮಗೆ ಎದೆ ಎತ್ತರ ಅಂತ ಕಂಡಿದ್ದು.

ನಮ್ಮಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಅದರ ಪ್ರಕಾರ ಮರ ಕಡಿಯಬೇಕಾದರೆ ವೃಕ್ಷಾಧಿಕಾರಿಯ, ಅಂದರೆ ಆ ಕೆಲಸಕ್ಕೆ ನೇಮಕವಾದ ಅರಣ್ಯಾಧಿಕಾರಿಯ, ಅನುಮತಿ ಬೇಕು. ರಸ್ತೆ ಮಾಡುವವರೂ ಅರ್ಜಿ ಹಾಕಲೇಬೇಕು. ರಸ್ತೆ ಅವರದೇ ಇರಬಹುದು, ಮರದ ಮೇಲೆ ನಿರ್ಧಾರ ಅವರದಲ್ಲ. ಆ ಅಧಿಕಾರಿ ಜಾಗಕ್ಕೆ ಬಂದು ನೋಡಬೇಕು, ಬೇಕು ಬೇಡ ತೀರ್ಮಾನಿಸಿ ಬರವಣಿಗೆಯಲ್ಲಿ ಆದೇಶ ಕೊಡಬೇಕು. ನೀವು ಈಗ ಇರುವುದು ಎಣಿಕೆಗೂ ಆದೇಶಕ್ಕೂ ನಡುವೆ. ಕೆಲಸ ಮಾಡೋಕೆ ಇದಕ್ಕಿಂತ ಒಳ್ಳೆ ಸಮಯ ಸಿಗಲ್ಲ. ಗರಗಸ ಬಂದ ಮೇಲೆ ಮರ ತಬ್ಬಿಕೊಂಡರೆ ಪೇಪರಿನಲ್ಲಿ ಫೋಟೋ ಬರುತ್ತೆ, ಅಷ್ಟೇ.

ಅಂಗಡಿ_ರಾಜಣ್ಣ
ನಾನು ಇನ್ನೊಂದು ಕಡೆಯವನು, ಬೈಬೇಡಿ. ನಮ್ಮೂರಲ್ಲಿ ನನ್ನ ಅಂಗಡಿ ಮುಂದೆ ಇಂಥದ್ದೇ ಮಳೆಮರ. ಮೇ ತಿಂಗಳ ಗಾಳಿಮಳೆಗೆ ಕೊಂಬೆ ಮುರಿದು ಶೀಟ್ ಹೋಯಿತು, ಕೆಳಗೆ ನಿಲ್ಲಿಸಿದ್ದ ಗಿರಾಕಿಯ ಬೈಕ್ ಹೋಯಿತು. ಕೊಂಬೆ ಒಣಗಿದೆ, ಕಡಿಸಿ ಅಂತ ಅದಕ್ಕೆ ಮುಂಚೆಯೇ ಅರ್ಜಿ ಕೊಟ್ಟಿದ್ದೆ. ಯಾರೂ ಬರಲಿಲ್ಲ. ನಷ್ಟ ಯಾರು ಕೊಟ್ಟರು? ಯಾರೂ ಇಲ್ಲ. ಮರ ಉಳಿಸಿ ಅನ್ನೋರು ನಾಲ್ಕನೇ ಮಹಡಿಯಲ್ಲಿ ಇರ್ತಾರೆ, ಮರದ ಕೆಳಗೆ ಇರೋರು ನಾವು.

ತಿಂಡಿಪೋತ
ರಾಜಣ್ಣನ ಮಾತಿನಲ್ಲಿ ಅರ್ಥ ಇದೆ. ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಕೊಂಬೆ ಬಿದ್ದು ಜನ ಸತ್ತಿದ್ದಾರೆ. ಸುಮ್ನೆ ತಳ್ಳಿಹಾಕೋ ಮಾತಲ್ಲ.

ಬೇರುಬಿಳಲು
ತಳ್ಳಿಹಾಕುತ್ತಿಲ್ಲ. ಆದರೆ ಮರ ಯಾಕೆ ಬೀಳುತ್ತೆ ಅಂತ ಯಾರೂ ಕೇಳುವುದಿಲ್ಲ ಅಲ್ವಾ? ನಾನು ತೋಟಗಾರಿಕೆ ಓದಿದವಳು, ಬಿದ್ದ ಮರ ಕಂಡರೆ ಬುಡ ನೋಡದೆ ಮುಂದೆ ಹೋಗಲ್ಲ. ಹತ್ತರಲ್ಲಿ ಏಳೆಂಟು ಸಲ ಅದೇ ಕತೆ. ಒಂದು ಬದಿಯ ಬೇರು ಗರಗಸದಲ್ಲಿ ಕೊಯ್ದ ಹಾಗೆ ನೇರವಾಗಿ ತುಂಡಾಗಿರುತ್ತೆ. ಚರಂಡಿ ತೋಡುವಾಗ, ಕೇಬಲ್ ಹಾಕುವಾಗ ಜೆಸಿಬಿ ಮಾಡಿದ ಕೆಲಸ. ಇನ್ನೊಂದು ಬದಿಯಲ್ಲಿ ಕಾಂಡದವರೆಗೂ ಕಾಂಕ್ರೀಟ್, ನೀರೂ ಇಳಿಯಲ್ಲ, ಗಾಳಿಯೂ ಆಡಲ್ಲ, ಬೇರು ಕೊಳೆಯುತ್ತೆ. ಮೇಲೆ ಕರೆಂಟ್ ತಂತಿಗೆ ತಾಗುತ್ತೆ ಅಂತ ತಂತಿಯ ಕಡೆಯ ಕೊಂಬೆಗಳನ್ನೆಲ್ಲ ಕಡಿದು ಭಾರ ಪೂರ್ತಿ ರಸ್ತೆಯ ಕಡೆಗೆ. ಇಷ್ಟಾದ ಮೇಲೆ ಗಾಳಿ ಬಂದಾಗ ಮರ ಬಿದ್ದರೆ "ಹಳೇ ಮರ ಅಪಾಯ" ಅಂತಾರೆ.

ದೆಹಲಿಯಲ್ಲಿ 2013ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಅಂತ ಆದೇಶ ಮಾಡಿತ್ತು. ನಮ್ಮ ಊರುಗಳಲ್ಲಿ ಫುಟ್‌ಪಾತ್ ಟೈಲ್ಸ್ ಹಾಕುವವರು ಈಗಲೂ ತೊಗಟೆಗೆ ತಾಗಿಸಿಯೇ ಸಿಮೆಂಟ್ ಸುರಿಯುತ್ತಾರೆ.

ರಾಜಣ್ಣ, ನೀವು ಕೇಳಿದ್ದು ಒಣ ಕೊಂಬೆ ತೆಗೆಸಿ ಅಂತ, ಮರ ತೆಗೆಸಿ ಅಂತಲ್ಲ. ಅದನ್ನು ಮಾಡದವರು ಈಗ ಮರವೇ ತಪ್ಪು ಮಾಡಿದೆ ಅಂದರೆ ಹೇಗೆ?

ಅಂಗಡಿ_ರಾಜಣ್ಣ
ಅದು ಸರಿ. ಆದರೆ ಅರ್ಜಿ ಕೊಟ್ಟರೂ ಬರದವರು ನಾಳೆ ಬರ್ತಾರೆ ಅಂತ ನಾನು ಯಾವ ಧೈರ್ಯದ ಮೇಲೆ ಕೂರಲಿ?

ಕಪ್ಪುಕೋಟು
ಮೂಲ ಪ್ರಶ್ನೆಗೆ ಬರೋಣ. ಮೇಡಂ, 46 ಅಂದ್ರಲ್ಲ, ಅಲ್ಲೇ ನನ್ನ ಕಣ್ಣು ನಿಂತಿತು.

ಕಾಯ್ದೆಯ 8ನೇ ಸೆಕ್ಷನ್‌ಗೆ ಆದ ತಿದ್ದುಪಡಿಯ ಪ್ರಕಾರ ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಜಾಸ್ತಿ ಮರ ಕಡಿಯಬೇಕಾದರೆ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಬೇಕು. 50ರ ಒಳಗಿದ್ದರೆ ಆ ಗೋಜಿಲ್ಲ. ಹಾಗಾಗಿ ಒಂದು ದೊಡ್ಡ ರಸ್ತೆಯನ್ನು ಎರಡು ಮೂರು ತುಂಡು ಮಾಡಿ, ಒಂದೊಂದಕ್ಕೂ ಬೇರೆ ಅರ್ಜಿ ಹಾಕಿ, ಪ್ರತಿ ತುಂಡನ್ನೂ 50ರ ಕೆಳಗೆ ಇಟ್ಟರೆ ಯಾರಿಗೂ ಗೊತ್ತಾಗದೆ ಕೆಲಸ ಮುಗಿಯುತ್ತೆ. ನಿಮ್ಮಲ್ಲಿ ಹಾಗೇ ಆಗಿದೆ ಅಂತ ಹೇಳುತ್ತಿಲ್ಲ. ಟೆಂಡರ್ ಕಾಗದ ತೆಗೆಸಿ ನೋಡಿ. ಅಗಲೀಕರಣ ನಿಮ್ಮ ಬೀದಿಗೆ ಮಾತ್ರವೋ, ಸರ್ಕಲ್‌ನಿಂದ ಸರ್ಕಲ್‌ವರೆಗೋ? ಕಾಮಗಾರಿ ಒಂದೇ ಆಗಿದ್ದು ಮರದ ಅರ್ಜಿ ಮಾತ್ರ ಎರಡಾಗಿದ್ದರೆ ನಿಮ್ಮ ಕೈಗೆ ಗಟ್ಟಿ ವಾದ ಸಿಕ್ಕಿತು.

ಮೈಸೂರ್_ಪಾಕು
46 ನೋಡಿ ನನಗೆ ನಮ್ಮ ಮೈಸೂರಿನ ಹೈದರಾಲಿ ರಸ್ತೆ ನೆನಪಾಯಿತು. 2025ರ ಏಪ್ರಿಲ್. ಸುಮಾರು 40 ಮರ. ಕತ್ತಲಲ್ಲಿ ಕಡಿದರು. ವಾಕಿಂಗ್ ಹೋಗುವವರು ಬೆಳಿಗ್ಗೆ ನೋಡಿದರೆ ಬುಡಗಳಷ್ಟೇ ಇದ್ದವು. ಆಮೇಲೆ ಮೇಣದಬತ್ತಿ ಹಿಡಿದು ನಿಂತೆವು, ಘೋಷಣೆ ಕೂಗಿದೆವು, ಊರೆಲ್ಲ ಸೇರಿತು. ಆದರೆ ಅಷ್ಟೂ ಜನ ಸೇರಿದ್ದು ಮರ ಹೋದ ಮೇಲೆ. 40 ಇದ್ದದ್ದಕ್ಕೆ ಆಕ್ಷೇಪಣೆ ಕರೆಯಲೇ ಬೇಕಿರಲಿಲ್ಲ ಅನ್ನೋದು ಎಷ್ಟೋ ಜನಕ್ಕೆ ಆಗಲೇ ಗೊತ್ತಾಗಿದ್ದು.

ಮೇಡಂ, ನಿಮ್ಮವು ಇನ್ನೂ ನಿಂತಿವೆ. ಎರಡನೇ ಶನಿವಾರ, ಸಾಲು ರಜೆ ಇವುಗಳ ಮೇಲೆ ಕಣ್ಣಿಡಿ. ಕೋರ್ಟಿಗೆ ರಜೆ ಇದ್ದಾಗಲೇ ಗರಗಸಕ್ಕೆ ಕೆಲಸ ಬರುವುದು.

ಉಕ್ಕು_ಬೇಡ
ಮೊದಲೇ ಸೇರಿದರೆ ಏನಾಗುತ್ತೆ ಅನ್ನೋಕೆ ಬೆಂಗಳೂರಿನ ಉಕ್ಕಿನ ಸೇತುವೆ ಇದೆ. ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳಕ್ಕೆ 6.7 ಕಿ.ಮೀ., 800ಕ್ಕೂ ಹೆಚ್ಚು ಮರ ಹೋಗಬೇಕಿತ್ತು. 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ಆ ರಸ್ತೆಯ ಉದ್ದಕ್ಕೂ ನಿಂತರು. ನಾನೂ ಇದ್ದೆ, ಕಾವೇರಿ ಚಿತ್ರಮಂದಿರದ ಹತ್ತಿರ. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ತಿಂಡಿಪೋತ
ಅದು ಮರಕ್ಕೆ ಬಿದ್ದುಹೋಗಲಿಲ್ಲ ಸ್ವಾಮಿ. ದುಡ್ಡಿನ ಆರೋಪ, ಎಲೆಕ್ಷನ್ ಹತ್ತಿರ. ಮರ ಸೈಡ್ ಆಕ್ಟರ್.

ಉಕ್ಕು_ಬೇಡ
ಇರಲಿ, ಯಾವುದಕ್ಕೆ ಬಿದ್ದರೂ ಮರ ನಿಂತವಲ್ಲ.

ಎಲೆ_ಗುಡಿಸುವವಳು
ನನ್ನದೂ ಒಂದು ಮಾತು. ಮನೆ ಮುಂದಿನ ಮಳೆಮರದ ಹೂವು, ಕಾಯಿ, ಅಂಟು, ಮೇಲಿಂದ ಬೆಳ್ಳಕ್ಕಿಗಳ ಹಿಕ್ಕೆ. ದಿನಾ ಎರಡು ಹೊತ್ತು ಗುಡಿಸುತ್ತೇನೆ. ಹಾಗಂತ ಕಡಿಯಿರಿ ಅಂತ ಹೇಳಲ್ಲ, ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲಿ ಫ್ಯಾನ್ ಸಾಕು, ಎದುರಿನ ಸಾಲಿನವರಿಗೆ ಎಸಿ ಇಲ್ಲದೆ ಆಗಲ್ಲ. ಆದರೆ ಮರ ಪ್ರೇಮಿಗಳು ಒಂದು ದಿನ ಪೊರಕೆ ಹಿಡಿದು ಬರಲಿ.

ಬೇರುಬಿಳಲು
ಅಕ್ಕ, ನಿಮ್ಮ ಫ್ಯಾನಿನ ಮಾತಿಗೆ ಅಂಕಿಯೂ ಇದೆ. ಬೆಂಗಳೂರಿನಲ್ಲಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಮರ ಇರುವ ರಸ್ತೆ, ಇಲ್ಲದ ರಸ್ತೆ ಎರಡನ್ನೂ ಅಳೆದಿದ್ದಾರೆ. ಮಧ್ಯಾಹ್ನದ ಗಾಳಿಯಲ್ಲಿ 5.6 ಡಿಗ್ರಿವರೆಗೆ ವ್ಯತ್ಯಾಸ. ಡಾಂಬರಿನ ಮೇಲ್ಮೈಯಲ್ಲಿ 27.5 ಡಿಗ್ರಿವರೆಗೆ! ಬರಿಗಾಲಲ್ಲಿ ದಾಟಿದವರಿಗೆ ಅಳತೆ ಬೇಕಿಲ್ಲ, ಆದರೆ ಅರ್ಜಿಯಲ್ಲಿ ಬರೆಯೋಕೆ ಬೇಕಾಗುತ್ತೆ.

ಸ್ವದೇಶಿ_ಸೀನ
ಒಂದು ನಿಮಿಷ. ಮಳೆಮರ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರ್‌ದು. ಬೆಂಗಳೂರಿನವರು ಮಾರ್ಚ್ ಬಂದರೆ ಸೆಲ್ಫಿ ತೆಗೆದುಕೊಳ್ಳುವ ಆ ಗುಲಾಬಿ ತಬೂಬಿಯಾ ಕೂಡ ಹೊರಗಿನದು. ಇವು ಹೋದರೆ ಹೋಗಲಿ, ಬೇವು, ಹೊಂಗೆ, ಅರಳಿ ಹಾಕೋಣ. ಯಾಕೆ ಇಷ್ಟು ಅಳು?

ಕಾಫಿ_ಸೀಮೆ_ಹುಡುಗಿ
ಮೆಣಸಿನಕಾಯಿಯೂ ಅಮೆರಿಕದಿಂದಲೇ ಬಂದದ್ದು. ನಾಳೆಯಿಂದ ಸಾರಿಗೆ ಹಾಕಲ್ವಾ?

ಸ್ವದೇಶಿ_ಸೀನ
😄 ಅದು ಬೇರೆ, ಇದು ಬೇರೆ.

ನಿವೃತ್ತ_ಕಾಡುಮನುಷ್ಯ
ಹೊಸದಾಗಿ ನೆಡುವಾಗ ಸೀನ ಅವರ ಮಾತು ಒಪ್ಪುತ್ತೇನೆ. ನಿಂತಿರುವ ಮರದ ವಿಷಯ ಬೇರೆ. 1980ರ ದಶಕದಲ್ಲಿ ನಮ್ಮ ಇಲಾಖೆಯ ಸೇತುರಾಮ್ ನೆಗಿನಹಾಳ ಅವರು ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಗಿಡ ನೆಡಿಸಿದರು, ಸುಮಾರು 15 ಲಕ್ಷ ಅಂತ ಲೆಕ್ಕ. ದನ ತಿನ್ನದ ಹಾಗೆ ಬಿದಿರಿನ ತಟ್ಟಿ, ನೀರಿಗೆ ವ್ಯವಸ್ಥೆ, ಜೊತೆಗೆ ಮನೆಯವರ ಒಪ್ಪಿಗೆ. ಈಗ "ಒಂದಕ್ಕೆ ಹತ್ತು ನೆಡುತ್ತೇವೆ" ಅನ್ನುವವರು ಆ ಹತ್ತನ್ನು ಎಲ್ಲಿ ನೆಡುತ್ತಾರೆ ಕೇಳಿ. ಊರಾಚೆ ಯಾವುದೋ ಗೋಮಾಳದಲ್ಲೋ, ಕೆರೆ ಏರಿಯ ಹಿಂದೋ. ನಿಮ್ಮ ರಸ್ತೆಯ ನೆರಳು ನಿಮ್ಮ ರಸ್ತೆಗೆ ವಾಪಸ್ ಬರಲ್ಲ. ಮೂರನೇ ಬೇಸಿಗೆಗೆ ಅಲ್ಲಿ ಹೋಗಿ ನೋಡಿದವರು ಯಾರು?

ಶೆಫೀಲ್ಡ್_ಕನ್ನಡಿಗ
ದೂರದಿಂದ ಒಂದು ಮಾತು. ನಾನಿರೋದು ಇಂಗ್ಲೆಂಡಿನ ಶೆಫೀಲ್ಡ್. ಇಲ್ಲೂ ಇದೇ ಜಗಳ ವರ್ಷಗಟ್ಟಲೆ ನಡೆಯಿತು. 2012ರಲ್ಲಿ ಇಲ್ಲಿಯ ಕೌನ್ಸಿಲ್ ರಸ್ತೆ ನಿರ್ವಹಣೆಯನ್ನು 25 ವರ್ಷಕ್ಕೆ ಖಾಸಗಿ ಕಂಪನಿಗೆ ಕೊಟ್ಟಿತು, 200 ಕೋಟಿ ಪೌಂಡ್‌ಗಿಂತ ದೊಡ್ಡ ಕರಾರು. ಅದರೊಳಗೆ 17,500 ಬೀದಿ ಮರ ಬದಲಿಸುವ ಸಾಲೊಂದು ಇತ್ತು. ಜನಕ್ಕೆ ಅದು ಎಷ್ಟೋ ಕಾಲ ಗೊತ್ತೇ ಇರಲಿಲ್ಲ. ಬೇರು ಫುಟ್‌ಪಾತ್ ಎತ್ತಿದೆ, ಅಂಚುಕಲ್ಲು ಸರಿಸಿದೆ ಅಂತ ಗಟ್ಟಿಮುಟ್ಟಾದ ಮರಗಳೂ ಹೋದವು. 2016ರ ನವೆಂಬರ್‌ನಲ್ಲಿ ಒಂದು ದಿನ ಬೆಳಗಿನ ಜಾವ 5 ಗಂಟೆಗೆ ಪೊಲೀಸರ ಜೊತೆ ಬಂದು, ಮಲಗಿದ್ದವರನ್ನು ಎಬ್ಬಿಸಿ ಕಾರು ತೆಗೆಸಿ ರಸ್ಟ್ಲಿಂಗ್ಸ್ ರಸ್ತೆಯ ಮರಗಳನ್ನು ಕಡಿದರು. ಪ್ರತಿಭಟಿಸಿದ ವಯಸ್ಸಾದ ಹೆಂಗಸರನ್ನೂ ಹಿಡಿದುಕೊಂಡು ಹೋದರು.

2018ರ ಹೊತ್ತಿಗೆ 5,000ಕ್ಕೂ ಹೆಚ್ಚು ಮರ ಹೋಗಿದ್ದವು. ಆಗ ನಿಂತಿತು. ಆಮೇಲೆ ಕೌನ್ಸಿಲ್, ಕಂಪನಿ, ಹೋರಾಟಗಾರರು ಒಟ್ಟಿಗೆ ಒಂದೊಂದು ಮರದ ಹತ್ತಿರ ಹೋಗಿ ನೋಡಿದರು. ಕಡಿಯಲೇಬೇಕು ಅಂದಿದ್ದ ಎಷ್ಟೋ ಮರಗಳು ಅಂಚುಕಲ್ಲು ಸ್ವಲ್ಪ ಸರಿಸಿ, ಹಾಸು ಬದಲಿಸಿದರೆ ಉಳಿಯುತ್ತವೆ ಅಂತ ಗೊತ್ತಾಯಿತು. 2023ರಲ್ಲಿ ಸ್ವತಂತ್ರ ವಿಚಾರಣೆಯ ವರದಿ ಬಂತು, ಕೌನ್ಸಿಲ್ ಕ್ಷಮೆ ಕೇಳಿತು. ಚೆಲ್ಸಿ ರಸ್ತೆಯಲ್ಲಿ ಒಂದು ಎಲ್ಮ್ ಮರ ಉಳಿದಿದೆ, ಅಪರೂಪದ ಒಂದು ಚಿಟ್ಟೆಗೆ ಅದೇ ಮನೆ. ನಾನು ಆ ದಾರಿಯಲ್ಲೇ ಬಸ್ಸಿಗೆ ಹೋಗೋದು.

ಹೇಳೋದಿಷ್ಟೇ. ಅಂಥ ಜಂಟಿ ತಪಾಸಣೆಯನ್ನು ಮೊದಲೇ ಕೇಳಿ.

ತಿಂಡಿಪೋತ
ಅಲ್ಲೂ ಹೀಗೇನಾ! ಸ್ವಲ್ಪ ಸಮಾಧಾನ ಆಯ್ತು ಗುರು.

ಡಾಂಬರು_ಇಂಜಿನಿಯರ್
ರಸ್ತೆ ಮಾಡುವವನು ನಾನು, ನನಗೂ ಮಾತಾಡೋಕೆ ಬಿಡಿ. ಎಲ್ಲ ಅಗಲೀಕರಣವೂ ಮೋಸ ಅಲ್ಲ. ಆಂಬುಲೆನ್ಸ್ ಹೋಗೋಕೆ ಜಾಗ ಇಲ್ಲದ ರಸ್ತೆಗಳಿವೆ. ಆದರೆ ಒಳಗಿನ ಒಂದು ವಿಷಯ ಹೇಳುತ್ತೇನೆ. ನಕ್ಷೆ ಬರೆಯುವಾಗ ಎಷ್ಟೋ ಸಲ ಮರ ನಕ್ಷೆಯಲ್ಲೇ ಇರುವುದಿಲ್ಲ. ರಸ್ತೆಯ ಮಧ್ಯರೇಖೆ ಎಳೆದು, ಎರಡೂ ಬದಿಗೆ ಸಮ ಅಗಲ ಹಾಕಿ, ಚರಂಡಿ ಗೆರೆ ಕೊಡುತ್ತಾರೆ. ಆ ಚರಂಡಿ ಗೆರೆ ಮರದ ಬುಡದ ಮೇಲೆ ಬರುತ್ತೆ. ಮರ ಹೋಗುವುದು ಹೆಚ್ಚಾಗಿ ವಾಹನ ಓಡುವ ಜಾಗಕ್ಕಲ್ಲ, ಚರಂಡಿಗೆ.

ಒಂದು ಸಾಲು ಮರ ಬಿಟ್ಟು ಇನ್ನೊಂದು ಬದಿಗೆ ಅಗಲ ಮಾಡಬಹುದು. ಚರಂಡಿಯನ್ನು ಮರದ ಹಿಂದಕ್ಕೆ, ಕಾಂಪೌಂಡ್ ಕಡೆಗೆ ತರಬಹುದು. ಮರಗಳ ನಡುವಿನ ಜಾಗವನ್ನೇ ಪಾರ್ಕಿಂಗ್ ಮಾಡಬಹುದು. ಹೇಗಿದ್ದರೂ ಅಗಲ ಮಾಡಿದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ, ಓಡುವ ರಸ್ತೆ ಮೊದಲಿನಷ್ಟೇ ಉಳಿಯುತ್ತೆ.

ಹಾಗಾಗಿ ಮೇಡಂ, "ಮರ ಕಡಿಯಬೇಡಿ" ಅಂತ ಮಾತ್ರ ಬರೆಯಬೇಡಿ. ಅಡ್ಡ ಸೀಳು ನಕ್ಷೆ ಕೇಳಿ, ಅಂದರೆ ರಸ್ತೆಯನ್ನು ಅಡ್ಡಕ್ಕೆ ಕೊಯ್ದ ಹಾಗೆ ತೋರಿಸುವ ನಕ್ಷೆ. 46ರಲ್ಲಿ ಎಷ್ಟು ಮರ ವಾಹನ ಓಡುವ ಭಾಗದಲ್ಲಿ ಬರುತ್ತೆ, ಎಷ್ಟು ಚರಂಡಿಯಲ್ಲಿ, ಎಷ್ಟು ಫುಟ್‌ಪಾತಿನಲ್ಲಿ? ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಅವರು ಟೇಪ್ ಹಿಡಿದು ಮತ್ತೆ ಬರಲೇಬೇಕು.

ಅಂಗಡಿ_ರಾಜಣ್ಣ
ಇಂಜಿನಿಯರ್ ಒಬ್ಬರಾದರೂ ನಿಜ ಹೇಳಿದಿರಲ್ಲ.

ಅರಿಶಿನ_ಕುಂಕುಮ
ಇಷ್ಟೆಲ್ಲ ಯಾಕೆ? ಗೋಣಿ ಮರದ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಒಂದು ಸೀರೆ ಸುತ್ತಿ, ಎರಡು ನಾಗರಕಲ್ಲು ಇಡಿ. ಯಾವನು ಗರಗಸ ಹಾಕ್ತಾನೆ ನೋಡೋಣ. ನಮ್ಮೂರ ಅಶ್ವತ್ಥಕಟ್ಟೆ ಮೂರು ಸಲ ರಸ್ತೆಯನ್ನು ಬಾಗಿಸಿದೆ.

ಬೇರುಬಿಳಲು
ಉಪಾಯ ಹಳೇದು, ಕೆಲಸವೂ ಮಾಡುತ್ತೆ. ಆದರೆ ಆಮೇಲಿನ ಕತೆ ಗೊತ್ತಲ್ಲ? ಕಲ್ಲು ಬರುತ್ತೆ, ಕಲ್ಲಿಗೆ ಕಟ್ಟೆ, ಕಟ್ಟೆಗೆ ಗ್ರಾನೈಟ್, ಅದರ ಮೇಲೆ ಶೀಟು. ಹುಂಡಿಯೂ ಬರುತ್ತೆ. ಬುಡಕ್ಕೆ ಹನಿ ನೀರಿಲ್ಲ. ಉಳಿಸಲು ಹೊರಟ ಮರ ಭಕ್ತಿಯಿಂದಲೇ ಒಣಗುತ್ತೆ. ಮಣ್ಣಿನ ಕಟ್ಟೆ ಆದರೆ ಪರವಾಗಿಲ್ಲ.

ಕಪ್ಪುಕೋಟು
ಅದಲ್ಲದೆ ಅದು ಒಂದು ಮರಕ್ಕೆ ಸರಿ. ಉಳಿದ 45ಕ್ಕೂ ನಾಗರಕಲ್ಲು ಇಡ್ತೀರಾ?

ವಿಜಯಪುರ_ರೋಡ್
ನಮ್ಮ ಕಡೆ ಹೈದರಾಬಾದಿಗೆ ಹೋಗೋ ಹೆದ್ದಾರಿ ಇದೆ ನೋಡ್ರಿ, ಚೇವೆಳ್ಳದ ಹತ್ತಿರ ಎರಡೂ ಕಡೆ ಆಲದ ಮರ, ಸುಮಾರು 900. ಸಣ್ಣವನಿದ್ದಾಗ ಬಸ್ಸಿನಲ್ಲಿ ಆ ನೆರಳು ಬಂತೆಂದರೆ ಹೈದರಾಬಾದ್ ಬಂತು ಅಂತ ಅರ್ಥ. ಆ ಮರಗಳಿಗೂ ಅಗಲೀಕರಣದ ಗಂಡಾಂತರ ಬಂದು ಹಸಿರು ನ್ಯಾಯಮಂಡಳಿ ತನಕ ಹೋಯಿತು. ಆಲ ಕಿತ್ತು ಬೇರೆ ಕಡೆ ನೆಡುವ ಮಾತೂ ಆಯಿತು. ಇಲ್ಲಿ ಯಾರಿಗಾದರೂ ಸ್ಥಳಾಂತರದ ಅನುಭವ ಇದೆಯಾ? ದೊಡ್ಡ ಮರ ಬದುಕುತ್ತಾ?

ಬೇರುಬಿಳಲು
ಆಲ, ಅರಳಿ, ಅತ್ತಿ, ಗೋಣಿ ಇವೆಲ್ಲ ಒಂದೇ ಕುಲ. ಕೊಂಬೆ ನೆಟ್ಟರೂ ಚಿಗುರುವ ಮರಗಳು, ಹಾಗಾಗಿ ಬದುಕುವ ಸಂಭವ ಜಾಸ್ತಿ. ಮಳೆಮರ, ಗುಲ್‌ಮೊಹರ್ ಕಷ್ಟ. ಆದರೂ ಸರಿಯಾಗಿ ಮಾಡಬೇಕೆಂದರೆ ತಿಂಗಳುಗಳ ಮುಂಚೆ ಬೇರಿನ ಸುತ್ತ ಹಂತಹಂತವಾಗಿ ಕಂದಕ ತೋಡಿ, ಹೊಸ ಬೇರು ಬರಲು ಬಿಟ್ಟು, ಮಣ್ಣಿನ ಉಂಡೆ ಕಟ್ಟಿ, ಆಮೇಲೆ ಕ್ರೇನ್. ಕೊನೆಗೆ ವರ್ಷಗಟ್ಟಲೆ ನೀರು. ನಮ್ಮಲ್ಲಿ ಆಗುವುದು ಏನೆಂದರೆ ಸೋಮವಾರ ಆದೇಶ, ಮಂಗಳವಾರ ಜೆಸಿಬಿ, ಬುಧವಾರ ರೆಂಬೆಯಿಲ್ಲದ ಬೊಡ್ಡೆಯೊಂದನ್ನು ಗುಂಡಿಯಲ್ಲಿ ನಿಲ್ಲಿಸಿ ಫೋಟೋ.

ಸ್ಥಳಾಂತರ ಕೊನೆಯ ದಾರಿ. ಮಾತುಕತೆಯನ್ನು ಅಲ್ಲಿಂದ ಶುರು ಮಾಡಿದರೆ ಮರ ಕೀಳೋಕೆ ನೀವೇ ಒಪ್ಪಿದ ಹಾಗೆ.

ಕಾಫಿ_ಸೀಮೆ_ಹುಡುಗಿ
ಸಾಲುಮರದ ತಿಮ್ಮಕ್ಕನವರು ಹುಲಿಕಲ್–ಕುದೂರು ನಡುವೆ ಬೆಳೆಸಿದ ಆಲದ ಮರಗಳಿಗೇ ಅಗಲೀಕರಣ ಬಿಡಲಿಲ್ಲ, ನೆನಪಿದೆಯಾ? 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಕೆಲಸ. ಪದ್ಮಶ್ರೀ ಬಂದ ವರ್ಷವೇ. ಅಜ್ಜಿ ಆಗಿನ ಮುಖ್ಯಮಂತ್ರಿಗಳ ಹತ್ತಿರ ಹೋಗಿ ಕೇಳಿಕೊಳ್ಳಬೇಕಾಯಿತು, ಬೇರೆ ದಾರಿ ನೋಡಿ ಅಂತ ಅವರು ಅಧಿಕಾರಿಗಳಿಗೆ ಹೇಳಿದರು. ದೇಶವೇ ಹೆಸರಿಟ್ಟು ಕರೆಯುವ ಮರಗಳ ಪಾಡೇ ಅದು. ನಮ್ಮ ಬೀದಿಯ ಹೊಂಗೆಗೆ ಯಾರಿದ್ದಾರೆ?

ಹಕ್ಕಿ_ಹುಚ್ಚ
ಯಾರೂ ಹೇಳದ ಒಂದು ವಿಷಯ. ಮರದಲ್ಲಿ ಗೂಡು ಇದೆಯಾ ನೋಡಿ. ಗುಡಿಸುವ ಅಕ್ಕ ಬೆಳ್ಳಕ್ಕಿ ಅಂದರಲ್ಲ, ಹಾಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಸಂರಕ್ಷಿತ ಹಕ್ಕಿಯ ಮೊಟ್ಟೆ ಒಡೆಯುವುದು, ಗೂಡು ಕೆಡಿಸುವುದು ಕೂಡ ಬೇಟೆಯ ಲೆಕ್ಕಕ್ಕೇ ಬರುತ್ತೆ. ಕೇರಳದ ಮಲಪ್ಪುರಂನಲ್ಲಿ 2022ರಲ್ಲಿ ಹೆದ್ದಾರಿಗಾಗಿ ಗೂಡು ತುಂಬಿದ್ದ ಹುಣಸೆ ಮರ ಉರುಳಿಸಿದರು, ಮರಿಗಳು ರಸ್ತೆ ಮೇಲೆ ಬಿದ್ದು ಸತ್ತವು, ಕೇಸ್ ಆಯಿತು. ನಂಬರ್ ಬಿದ್ದ ಮರದ ಜೊತೆ ಗೂಡು ಕಾಣುವ ಹಾಗೆ, ದಿನಾಂಕ ಬರುವ ಹಾಗೆ ಫೋಟೋ ತೆಗೆಯಿರಿ. ಮರಿ ಹಾರುವ ತನಕವಾದರೂ ಸಮಯ ಸಿಗುತ್ತೆ.

ತಿಂಡಿಪೋತ
ಪಾರಿವಾಳ ನಡೆಯುತ್ತಾ? ನಮ್ಮ ಬಾಲ್ಕನಿಯಲ್ಲಿ ಇದೆ, ಕಡಿಯೋಕೆ ಬನ್ನಿ ಅಂತ ನಾನೇ ಕರೀತೀನಿ.

ಹಕ್ಕಿ_ಹುಚ್ಚ
ಪಾರಿವಾಳಕ್ಕೆ ಬೇರೆ ಚರ್ಚೆ ಶುರು ಮಾಡಿ ಸ್ವಾಮಿ, ಅದು ಮುಗಿಯದ ವಿಷಯ.

ಗೋಣಿಮರದ_ತಿರುವು
ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಓದಿದೆ. ಕಪ್ಪುಕೋಟು ಸರ್, ಅರ್ಜಿ ಹೇಗೆ ಬರೆಯಬೇಕು ಸ್ವಲ್ಪ ಹೇಳಿ. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಉತ್ತರ ಬರುವಷ್ಟರಲ್ಲಿ ಮರ ಹೋಗಿರುತ್ತೆ ಅಂತ ಪಕ್ಕದ ಮನೆಯವರು ಹೆದರಿಸುತ್ತಿದ್ದಾರೆ.

ಕಪ್ಪುಕೋಟು
ಅವರ ಹೆದರಿಕೆ ಸುಳ್ಳಲ್ಲ, ಉತ್ತರಕ್ಕೆ 30 ದಿನ ಅವಕಾಶ ಇದೆ. ಅದಕ್ಕೇ ಎರಡು ಕಾಗದ ಒಟ್ಟಿಗೆ ಹೋಗಬೇಕು.

ಮೊದಲನೆಯದು ವೃಕ್ಷಾಧಿಕಾರಿಗೆ ತಕರಾರು ಅರ್ಜಿ. 50ರ ಒಳಗೆ ಅವರು ಆಕ್ಷೇಪಣೆ ಕರೆಯಬೇಕಿಲ್ಲ, ಆದರೆ ನೀವು ಕೊಡಬಾರದು ಅಂತ ಎಲ್ಲೂ ಇಲ್ಲ. ಅದರಲ್ಲಿ ಮರದ ನಂಬರ್ ಹಾಕಿ ಒಂದೊಂದಕ್ಕೂ ಒಂದು ಸಾಲು ಬರೆಯಿರಿ. "ನಂ. 12, ಹೊಂಗೆ, ಫುಟ್‌ಪಾತಿನ ಒಳಗಿದೆ, ಸಂಚಾರಕ್ಕೆ ಅಡ್ಡಿ ಇಲ್ಲ", ಈ ತರ. ಯಾಕೆಂದರೆ ಎಲ್ಲ ಮರಕ್ಕೂ ಒಂದೇ ಸಾಲಿನಲ್ಲಿ "ಸಾರ್ವಜನಿಕ ಹಿತದೃಷ್ಟಿಯಿಂದ" ಅಂತ ಅನುಮತಿ ಕೊಟ್ಟರೆ ಅದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಬೆಂಗಳೂರು ಮೆಟ್ರೊಗಾಗಿ ಮರ ಕಡಿಯುವ ಪ್ರಕರಣದಲ್ಲಿ ಹೈಕೋರ್ಟ್ ವೃಕ್ಷಾಧಿಕಾರಿ ವಿವೇಚನೆ ಬಳಸಿ, ಕಾರಣ ಬರೆದು ಆದೇಶ ಮಾಡಬೇಕು ಅಂತ ಹೇಳಿದೆ. ನೀವು 46 ಸಾಲು ಬರೆದರೆ ಅವರೂ 46 ಸಾಲು ಉತ್ತರ ಬರೆಯುವ ಹಾಗಾಗುತ್ತೆ. ಕೊನೆಯಲ್ಲಿ ಜಂಟಿ ತಪಾಸಣೆ ಕೇಳಿ, ಆದೇಶದ ಪ್ರತಿ ಕೊಡಿ ಅಂತ ಬರೆಯಿರಿ. ಆದೇಶ ನಿಮಗೆ ವಿರುದ್ಧವಾದರೆ ವೃಕ್ಷ ಪ್ರಾಧಿಕಾರಕ್ಕೆ ಮೇಲ್ಮನವಿ ಇದೆ, ಅದಾದ ಮೇಲೆ ಹೈಕೋರ್ಟ್.

ಎರಡನೆಯದು ಮಾಹಿತಿ ಹಕ್ಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ, 10 ರೂಪಾಯಿ ಶುಲ್ಕ. ಹಾಗಾಗಿ ಪುರಾಣ ಬೇಡ. ಪ್ರತಿ ಕೇಳುವ ಬದಲು "ಕಡತ ಪರಿಶೀಲನೆಗೆ ಅವಕಾಶ ಕೊಡಿ" ಅಂತ ಕೇಳಿ. ಕೂತು ನೋಡಿ, ಬೇಕಾದ ಹಾಳೆಯ ನಕಲು ತೆಗೆಸಿಕೊಳ್ಳಿ.

ಎರಡನ್ನೂ ಕೈಯಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿ. ವಾಟ್ಸಾಪಿನಲ್ಲಿ ಕಳಿಸಿದ್ದು ಅರ್ಜಿ ಅಲ್ಲ.

ಮೈಸೂರ್_ಪಾಕು
ಆ ಮುದ್ರೆಯ ಫೋಟೋ ಗುಂಪಿನ ಎಲ್ಲರ ಮೊಬೈಲಿನಲ್ಲೂ ಇರಲಿ. ರಾತ್ರಿ ಯಾರಾದರೂ ಬಂದರೆ ಪೊಲೀಸರಿಗೆ ತೋರಿಸೋಕೆ ಕಾಗದ ಬೇಕು. ಜೊತೆಗೆ ಬಂದವರ ಹತ್ತಿರ "ಆದೇಶ ತೋರಿಸಿ" ಅಂತ ಕೇಳಿ, ಜಗಳ ಬೇಡ. ಕೂಲಿಗೆ ಬಂದ ಹುಡುಗರ ಮೇಲೆ ಕೂಗಾಡಿ ಪ್ರಯೋಜನವಿಲ್ಲ.

ಸ್ವದೇಶಿ_ಸೀನ
ಕಡಿದ ಮರದ ದುಡ್ಡು ಎಲ್ಲಿಗೆ ಹೋಗುತ್ತೆ? ನಮ್ಮೂರಲ್ಲಿ ಮಹಾಗನಿ ದಿಮ್ಮಿ ಲಾರಿಗೆ ಹತ್ತಿದ್ದಷ್ಟೇ ಕಂಡೆವು.

ನಿವೃತ್ತ_ಕಾಡುಮನುಷ್ಯ
ಹರಾಜು ಆಗಬೇಕು, ಅದಕ್ಕೆ ದಾಖಲೆ ಇರಬೇಕು. ಹೊಂಗೆ ಸೌದೆಗೆ ಹೋಗುತ್ತೆ, ದೊಡ್ಡ ದಿಮ್ಮಿ ಸಾಮಿಲ್ಲಿಗೆ. ಎಣಿಕೆ ಪಟ್ಟಿಯಲ್ಲಿ ಸುತ್ತಳತೆ ಕಮ್ಮಿ ಬರೆದರೆ ಮೌಲ್ಯ ಕಮ್ಮಿ ಆಗುತ್ತೆ, ಉಳಿದದ್ದು ಎಲ್ಲಿಗೋ ಹೋಗುತ್ತೆ. ಅದಕ್ಕೇ ನೀವೂ ಟೇಪ್ ತಂದು ಅಳೆದಿಟ್ಟುಕೊಳ್ಳಿ. ಮರ ಉಳಿಯಲಿ, ಹೋಗಲಿ, ಆ ಅಳತೆ ಕೆಲಸಕ್ಕೆ ಬರುತ್ತೆ.

ಗೋಣಿಮರದ_ತಿರುವು
ಸ್ವಲ್ಪ ದಿನ ಆಯಿತು, ಸುದ್ದಿ ಹೇಳೋಣ ಅಂತ ಬಂದೆ. ಅರ್ಜಿ ಕೊಟ್ಟೆವು. ಕಡತ ನೋಡೋಕೆ ಬಿಟ್ಟರು. ಕಾಮಗಾರಿ ಒಂದೇ, ಮರದ ಅರ್ಜಿ ಎರಡು! ನಮ್ಮದು 46, ಸರ್ಕಲ್ ಆಚೆಗಿನದು 31. ಅದನ್ನು ಬರೆದು ಇನ್ನೊಂದು ಕಾಗದ ಕೊಟ್ಟ ಮೇಲೆ ಜಂಟಿ ತಪಾಸಣೆಗೆ ಒಪ್ಪಿದ್ದಾರೆ. ಬೀದಿಯ ಪಿಯು ಹುಡುಗರು ಸೇರಿ ಎಲ್ಲ ಮರಗಳನ್ನೂ ಅಳೆದರು. ನಂ. 7ರ ನೇರಳೆಯ ಸುತ್ತಳತೆ ಅವರ ಪಟ್ಟಿಯಲ್ಲಿ 90 ಸೆಂ.ಮೀ., ನಮ್ಮ ಟೇಪಿನಲ್ಲಿ 190. ಬರೆಯುವಾಗ ಒಂದು ಬಿಟ್ಟುಹೋಗಿರಬಹುದು ಅಂತಾರೆ.

ಬಾಯಿಮಾತಿನಲ್ಲಿ ಹೇಳುತ್ತಿರುವುದು ಏನೆಂದರೆ ಗೋಣಿ ಮರ ಮತ್ತು ಒಂದು ಬದಿಯ ಸಾಲು ಬಿಡುತ್ತೇವೆ, ಇನ್ನೊಂದು ಬದಿ ನೀವು ಬಿಡಿ ಅಂತ. ಒಪ್ಪಬೇಕಾ?

ಉಕ್ಕು_ಬೇಡ
ಒಪ್ಪಬೇಡಿ. ಒಂದೂ ಬಿಡಬೇಡಿ.

ಡಾಂಬರು_ಇಂಜಿನಿಯರ್
ಒಂದು ಬದಿ ಬಿಟ್ಟು ಇನ್ನೊಂದು ಬದಿಗೆ ಅಗಲ ಮಾಡಬಹುದು ಅಂತ ನಾನೇ ಹೇಳಿದ್ದೆ. ಹಾಗಾಗಿ ಇದು ಕೆಟ್ಟ ಮಾತುಕತೆ ಏನಲ್ಲ. ಆದರೆ ಹೋಗುವ ಬದಿಯಲ್ಲೂ ಚರಂಡಿಗಾಗಿ ಹೋಗುವವು ಎಷ್ಟು ನೋಡಿ. ಅವನ್ನು ಬಿಡಿಸಿಕೊಳ್ಳಬಹುದು.

ಕಪ್ಪುಕೋಟು
ಬಾಯಿಮಾತಿಗೆ ಹೌದು ಅಂತಲೂ ಹೇಳಬೇಡಿ, ಇಲ್ಲ ಅಂತಲೂ ಹೇಳಬೇಡಿ. 46 ಮತ್ತು 31 ಸೇರಿ 77. ಒಂದೇ ಕಾಮಗಾರಿ ಅಂತಾದರೆ ಸಾರ್ವಜನಿಕ ಆಕ್ಷೇಪಣೆ ಕರೆಯಲೇಬೇಕು ಅನ್ನೋ ವಾದ ನಿಮ್ಮ ಕೈಯಲ್ಲಿದೆ. ಅದನ್ನು ಈಗಲೇ ಮಾರಿಕೊಳ್ಳಬೇಡಿ. ಸರ್ಕಲ್ ಆಚೆಯ ಬೀದಿಯವರಿಗೆ ಈ ವಿಷಯ ಗೊತ್ತಾ?

ಗೋಣಿಮರದ_ತಿರುವು
ಇಲ್ಲ. ನಾಳೆ ಸಂಜೆ ಹೋಗುತ್ತಿದ್ದೇವೆ. ಅಲ್ಲಿ ಹೆಚ್ಚಿನವು ಅಂಗಡಿಗಳು, ಮರ ಹೋಗಲಿ ಅನ್ನುವವರೇ ಜಾಸ್ತಿ ಅಂತ ಕೇಳಿದ್ದೇನೆ.

ಅಂಗಡಿ_ರಾಜಣ್ಣ
ಅಂಗಡಿಯವರ ಹತ್ತಿರ ಹೋದಾಗ ನೆರಳು, ಆಮ್ಲಜನಕ ಅಂತ ಶುರು ಮಾಡಬೇಡಿ ಮೇಡಂ. ಮೊದಲು ಒಣ ಕೊಂಬೆ ತೆಗೆಸಿಕೊಡುತ್ತೇವೆ, ಅದಕ್ಕೂ ನಾವೇ ಅರ್ಜಿ ಬರೆಯುತ್ತೇವೆ ಅನ್ನಿ. ಆಮೇಲೆ ಅಗಲ ಮಾಡುವ ಕೆಲಸಕ್ಕೆ ಎಷ್ಟು ತಿಂಗಳು ರಸ್ತೆ ಅಗೆದು ಇಡುತ್ತಾರೆ, ಅಷ್ಟು ದಿನ ವ್ಯಾಪಾರ ಏನಾಗುತ್ತೆ ಅಂತ ಕೇಳಿ. ಸಂಜೆ ಆರರ ಮೇಲೆ ಹೋಗಬೇಡಿ, ಅದು ಗಿರಾಕಿ ಸಮಯ. ಮಧ್ಯಾಹ್ನ ಮೂರಕ್ಕೆ ಹೋಗಿ.